ಅಂಗಡಿಯ ಮನೆವಾರ್ತೆ

ವಾಚಕರೇ, ‘ಹೌಸ್‌ಕೀಪಿಂಗ್’ ಎಂಬ ಮಾತನ್ನು ನೀವು ಈಗ ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ, ದೊಡ್ಡ ಅಂಗಡಿಗಳಲ್ಲಿ ದಿನವೂ ಕೇಳುತ್ತಿರುವಿರಿ. ಅದನ್ನು ಕನ್ನಡಕ್ಕೆ ತಂದರೆ ‘ಮನೆವಾರ್ತೆ’ ಎಂದಾಗುತ್ತದೆ. ಮನೆವಾರ್ತೆಯೆಂದರೆ ನಮ್ಮ ಹಿರಿಯರ ಎಣಿಕೆಯಲ್ಲಿ ಸಣ್ಣ ಮಾತಲ್ಲ. ಹಗೇವಿನ ಕಾಳಿನಿಂದ ಹಿಡಿದು ಬಂದ ಬೀಗರ ಊಟದವರೆಗೆ ಮನೆಯ ಸಮಸ್ತ ವ್ಯವಹಾರವನ್ನೂ ತೂಗಿಸಿಕೊಂಡು ಹೋಗುವ ಹೊಣೆಗೆ ಆ ಹೆಸರು. ಅಂಗಡಿಯ ಬಾಗಿಲಿಗೆ ಬರುವ ಹೊತ್ತಿಗೆ ಆ ಮಾತು ಕುಗ್ಗಿ, ಕಸ ಗುಡಿಸಿ ನೆಲ ಒರಸುವಷ್ಟಕ್ಕೆ ನಿಂತಿದೆ. ಈ ಕುಗ್ಗುವಿಕೆಯಿಂದ ನಷ್ಟಪಡುವವರು ಯಾರೆಂಬುದು ನನಗೆ ಒಂದು ಕಾಗದವನ್ನು ಓದುವಾಗ ಸ್ಪಷ್ಟವಾಯಿತು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಶಿಗ್ಗಾಂವಿ ತಾಲೂಕಿನ ದುಂಡಸಿಯ ಹೆಣ್ಣುಮಗಳೊಬ್ಬಳು, ನನ್ನ ಕೈಯಲ್ಲಿ ಓದಿದ ಹುಡುಗನ ತಾಯಿ, ಒಂದು ಸಂಜೆ ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿದ ಎರಡು ಹಾಳೆಗಳನ್ನು ಹಿಡಿದುಕೊಂಡು ಮನೆಗೆ ಬಂದಳು. “ಗುರುಗಳ, ಇದರಾಗ ಏನ ಬರದಾರ, ಒಂಚೂರು ಓದಿ ಹೇಳ್ರಿ. ನಾಳೆ ಸಹಿ ಮಾಡಬೇಕಂತ” ಎಂದಳು. ಹುಬ್ಬಳ್ಳಿಯ ಒಂದು ಪೀಠೋಪಕರಣದ ಅಂಗಡಿಯಲ್ಲಿ ಗುತ್ತಿಗೆದಾರನ ಮುಖಾಂತರ ಸಿಕ್ಕಿದ್ದ ಅರೆಹೊತ್ತಿನ ಕೆಲಸ ಅದು. ಮಗನ ಕಾಲೇಜಿನ ಖರ್ಚಿಗೆ ಆ ಸಂಬಳ ಬೇಕಾಗಿತ್ತು. ಹೊಲದ ಕೂಲಿ ವರ್ಷವಿಡೀ ಸಿಕ್ಕುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಾಡಿನ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಆದ್ದರಿಂದ ಹಳ್ಳಿಯಲ್ಲಿದ್ದುಕೊಂಡೇ ಶಹರದಲ್ಲಿ ದುಡಿಯಬಹುದೆಂಬ ಲೆಕ್ಕ ಅವಳಿಗೆ ಕೂಡಿಬಂದಿತ್ತು.

ಕಾಗದದ ವಿಚಾರಕ್ಕೆ ಬರುವ ಮುನ್ನ ಆ ಕೆಲಸ ಎಂಥದೆಂಬುದನ್ನು ನೋಡೋಣ.

ಹಿಂದೆ ನಮ್ಮ ಕಡೆ ಮಂಚ ಬೇಕಾದರೆ, ಕಪಾಟು ಬೇಕಾದರೆ ಬಡಿಗೇರನನ್ನು ಕರೆಸುತ್ತಿದ್ದರು. ಕಟ್ಟಿಗೆ ಮನೆಯವರದು, ಕೈಗೆಲಸ ಅವನದು. ಅಂಗಳದಲ್ಲೇ ಉಜ್ಜುಗೊರಡು ಆಡುತ್ತಿತ್ತು; ಬಿದ್ದ ಹೊಟ್ಟನ್ನು ಮನೆಯ ಹೆಂಗಸರೇ ಗುಡಿಸಿ ಒಲೆಗೆ ಹಾಕುತ್ತಿದ್ದರು. ಈಗ ಮಾಡಿಟ್ಟ ಸಾಮಾನು ಅಂಗಡಿಯಲ್ಲಿ ದೊರೆಯುತ್ತದೆ. ಸ್ವೀಡನ್ ದೇಶದಲ್ಲಿ 1943ರಲ್ಲಿ ಹುಟ್ಟಿದ ಐಕಿಯಾ ಎಂಬ ಸಂಸ್ಥೆ 2018ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿಯೂ 2022ರ ಜೂನ್ 22ರಂದು ಬೆಂಗಳೂರಿನ ನಾಗಸಂದ್ರದಲ್ಲಿ, ಮೆಟ್ರೊ ನಿಲ್ದಾಣದ ಬದಿಯಲ್ಲಿಯೂ ಮಳಿಗೆಗಳನ್ನು ತೆರೆಯಿತು. ಅಂಥಲ್ಲಿ ಸಾಮಾನನ್ನು ರಾಶಿ ಹಾಕಿ ಮಾರುವುದಿಲ್ಲ. ಮಲಗುವ ಕೋಣೆ, ಅಡುಗೆಮನೆ, ಮಕ್ಕಳ ಓದುವ ಕೋಣೆ ಹೀಗೆ ಇಡಿಯ ಮನೆಗಳನ್ನೇ ಹೂಡಿ ತೋರಿಸುತ್ತಾರೆ. ಹುಬ್ಬಳ್ಳಿಯಂಥ ಊರುಗಳ ಅಂಗಡಿಗಳೂ ತಮ್ಮ ಅಳತೆಗೆ ತಕ್ಕಂತೆ ಇದೇ ಜಾಡು ಹಿಡಿದಿವೆ.

ಯಾರೂ ವಾಸಿಸದ ಈ ಮನೆಗಳಲ್ಲಿ ಗಾದಿಯ ಮೇಲೆ ನೂರು ಜನ ಕುಳಿತು ನೋಡುತ್ತಾರೆ, ಕಪಾಟಿನ ಬಾಗಿಲನ್ನು ಇನ್ನೂರು ಜನ ತೆರೆದು ಮುಚ್ಚುತ್ತಾರೆ. ಬೆರಳಿನ ಗುರುತು, ಚಪ್ಪಲಿಯ ಧೂಳು, ಮಕ್ಕಳು ಚೆಲ್ಲಿದ ಹಾಲು ಎಲ್ಲವೂ ಅಲ್ಲಿ ಬೀಳುತ್ತವೆ. ಆದರೂ ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಆ ಮನೆ ಹೊಸದಾಗಿಯೇ ಕಾಣಬೇಕು. ಗಿರಾಕಿ ಹೊಸದಕ್ಕೆ ಹಣ ಕೊಡುತ್ತಾನೆಯೇ ಹೊರತು ಮಾಸಿದ್ದಕ್ಕಲ್ಲ. ಮಾರಾಟಗಾರನ ಮಾತಿಗಿಂತ ಮೊದಲು ಸಾಮಾನನ್ನು ಮಾರಿದವಳು ಬೆಳಿಗ್ಗೆ ಬಂದು ಒರಸಿ ಹೋದವಳೇ ಎಂದರೆ ತಪ್ಪಾಗದು.

ಒರಸುವುದಕ್ಕೇನು ವಿದ್ಯೆ ಬೇಕು ಎಂದು ಕೆಲವರು ಕೇಳಬಹುದು. ಕೊಂಚ ಸಾವಧಾನದಿಂದ ವಿಚಾರಿಸಿರಿ. ಸಾಗವಾನಿಯ ಮೇಜನ್ನು ಒಂದಿಷ್ಟು ಹಸಿ ಅರಿವೆಯಿಂದ ಒರಸಿ ಕೂಡಲೇ ಒಣಗಿಸಿದರೆ ಏನೂ ಆಗದು. ಕಟ್ಟಿಗೆಯ ಚೂರುಗಳಿಗೆ ಅಂಟು ಹಾಕಿ ಒತ್ತಿ ಮಾಡಿದ ಹಲಗೆಯ ಅಂಚಿಗೆ ನೀರು ಹೊಕ್ಕರೆ ಅದು ಉಬ್ಬುತ್ತದೆ. ಉಬ್ಬಿದ್ದು ಮತ್ತೆ ಕೂಡುವುದಿಲ್ಲ. ಇವೆರಡೂ ಹೊರಗಿನಿಂದ ನೋಡುವವರಿಗೆ ಒಂದೇ ಬಣ್ಣ, ಒಂದೇ ಹೊಳಪು. ಅಮೃತಶಿಲೆಯ ಮೇಲೆ ಲಿಂಬೆಹಣ್ಣಿನ ರಸವಾಗಲಿ ಆಸಿಡ್ಡಾಗಲಿ ಬಿದ್ದರೆ ಕಲ್ಲಿನಲ್ಲಿರುವ ಸುಣ್ಣದ ಅಂಶ ಕರಗಿ ಹೊಳಪು ಹೋಗುತ್ತದೆ. ಅದೇ ಲಿಂಬೆರಸ ಹಿತ್ತಾಳೆಯನ್ನು ಬೆಳಗುತ್ತದೆ. ಮಖಮಲ್ಲನ್ನು ಅದರ ಎಳೆ ಮಲಗಿದ ದಿಕ್ಕಿಗೇ ಸವರಬೇಕು. ಕನ್ನಡಿಗೆ ನೀರನ್ನು ನೇರವಾಗಿ ಚಿಮ್ಮಿಸಿದರೆ ಅದು ಅಂಚಿನಿಂದ ಹಿಂದೆ ಇಳಿದು ಕಲೆ ಕಟ್ಟುತ್ತದೆ; ಆದುದರಿಂದ ಅರಿವೆಗೆ ಚಿಮ್ಮಿಸಿಕೊಂಡು ಒರಸತಕ್ಕದ್ದು.

ಕೆಲಸಕ್ಕೆ ಕ್ರಮವೂ ಉಂಟು. ಮೇಲಿನಿಂದ ಕೆಳಕ್ಕೆ ಬರಬೇಕು, ಒಣಗಿದ ಧೂಳನ್ನು ಮೊದಲು ತೆಗೆದು ಆಮೇಲೆ ನೀರು ಮುಟ್ಟಿಸಬೇಕು, ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ ಹಿಂದೆ ಸರಿಯುತ್ತ ಒರಸಬೇಕು. ಎರಡು ಬಕೆಟ್ಟು ಇಟ್ಟುಕೊಂಡು ಒಂದರಲ್ಲಿ ಮದ್ದಿನ ನೀರು, ಇನ್ನೊಂದರಲ್ಲಿ ಜಾಲಿಸುವ ನೀರು ಎಂದು ಬೇರೆ ಮಾಡದಿದ್ದರೆ, ಒಂದು ಕೋಣೆಯ ಕೊಳೆಯನ್ನು ಇನ್ನೊಂದಕ್ಕೆ ಹಚ್ಚಿ ಬಂದಂತಾಗುತ್ತದೆ. ಸಂಡಾಸಿಗೆ ಬಳಸಿದ ಅರಿವೆ ಮೇಜಿಗೆ ಬರಕೂಡದು. ಅದಕ್ಕಾಗಿಯೇ ಬೇರೆ ಬೇರೆ ಬಣ್ಣದ ಅರಿವೆಗಳನ್ನು ಇಡುವ ಪದ್ಧತಿ ಇದೆ. ಭಾರವಾದ ಸಾಮಾನನ್ನು ಸರಿಸುವಾಗ ಬೆನ್ನು ಬಗ್ಗಿಸದೆ ಮೊಣಕಾಲು ಮಡಚಿ, ಇಬ್ಬರು ಕೂಡಿ ಎತ್ತಬೇಕು.

ಇನ್ನು ಜೀವಕ್ಕೆ ಸಂಬಂಧಿಸಿದ ಎರಡು ಮಾತುಗಳಿವೆ. ಇವು ನಿಮ್ಮ ಮನೆಗೂ ಅನ್ವಯಿಸುತ್ತವೆ. ಮೊದಲನೆಯದು, ಬಿಳಿಚು ಮಾಡುವ ಬ್ಲೀಚಿನ ದ್ರಾವಣವನ್ನು ಸಂಡಾಸು ತೊಳೆಯುವ ಆಸಿಡ್ಡಿನೊಡನೆ ಎಂದಿಗೂ ಕೂಡಿಸಬಾರದು. ಎರಡು ಸೇರಿದರೆ ಹೆಚ್ಚು ಬೆಳ್ಳಗಾದೀತೆಂದು ತಿಳಿಯುವವರುಂಟು. ಸೇರಿದಾಗ ಹೊರಡುವುದು ಕ್ಲೋರಿನ್ ಅನಿಲ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಕಣ್ಣನ್ನೂ ಉಸಿರನ್ನೂ ಹಿಡಿಯುತ್ತದೆ, ಪ್ರಾಣಕ್ಕೂ ಕುತ್ತು ತರಬಲ್ಲುದು. ಅಮೋನಿಯ ಇರುವ ಗಾಜು ಒರಸುವ ದ್ರಾವಣದೊಡನೆ ಬ್ಲೀಚು ಸೇರಿದರೂ ವಿಷದ ಅನಿಲವೇ ಹುಟ್ಟುತ್ತದೆ. ಶೀಸೆಯ ಮೇಲಿನ ಬರಹ ಇಂಗ್ಲಿಷಿನಲ್ಲಿದ್ದು ಓದಲಾಗದಿದ್ದರೆ, ಕೇಳಿ ತಿಳಿದುಕೊಂಡೇ ಮುಚ್ಚಳ ತೆರೆಯಬೇಕು. ತಿಳಿಸಿ ಹೇಳುವುದು ಅಂಗಡಿಯವರ ಕರ್ತವ್ಯ.

ಎರಡನೆಯದು ಬೆಂಕಿ. ಈಗಿನ ಗಾದಿ, ಸೋಫಾಗಳ ಒಳಗಿರುವ ನೊರೆಯಂಥ ಫೋಮು ಹತ್ತಿಕೊಂಡರೆ ಬೇಗನೆ ಉರಿದು ಕಪ್ಪಾದ ವಿಷದ ಹೊಗೆಯನ್ನು ಕಾರುತ್ತದೆ. ಅಮೆರಿಕದ ದಕ್ಷಿಣ ಕೆರೊಲಿನಾ ಪ್ರಾಂತದ ಚಾರ್ಲ್ಸ್‌ಟನ್ ನಗರದ ಸೋಫಾ ಅಂಗಡಿಯೊಂದರಲ್ಲಿ 2007ರ ಜೂನ್ 18ರಂದು ಬೆಂಕಿ ಬಿದ್ದು, ಆರಿಸಲು ಒಳಹೊಕ್ಕ ಅಗ್ನಿಶಾಮಕ ದಳದ 9 ಜನ ಮಡಿದರು. ಬೆಂಕಿ ಮೊದಲು ಹತ್ತಿದ್ದು ಸರಕು ಇಳಿಸುವ ಕಟ್ಟೆಯ ಹೊರಗೆ ಬಿದ್ದಿದ್ದ ಕಸದಲ್ಲಿ ಎಂದು ತನಿಖೆಯಿಂದ ತಿಳಿದುಬಂದಿತು. ರಟ್ಟು, ಪ್ಲಾಸ್ಟಿಕ್ಕು, ಮುರಿದ ಸಾಮಾನು ಎಲ್ಲಿ ಬಿದ್ದಿದೆ, ಹೊರಗೆ ಓಡುವ ಬಾಗಿಲಿಗೆ ಯಾವ ಮಂಚ ಅಡ್ಡವಾಗಿದೆ ಎಂಬುದು ಅಂಗಡಿಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಕಸ ಗುಡಿಸುವವಳಿಗೆ. ಅವಳ ಮಾತನ್ನು ಕೇಳುವ ಪದ್ಧತಿ ಅಂಗಡಿಯಲ್ಲಿದ್ದರೆ ಅವಳೇ ಅಲ್ಲಿಯ ಮೊದಲ ಕಾವಲುಗಾರ್ತಿ.

ಇಷ್ಟೆಲ್ಲ ಹೊಣೆಯ ಕೆಲಸಕ್ಕೆ ಆ ಕಾಗದದಲ್ಲಿ ಬರೆದಿದ್ದ ಷರತ್ತುಗಳು ಹೇಗಿದ್ದವು? ಒಂದೊಂದಾಗಿ ಓದಿ ಹೇಳಿದೆ.

ವೇಳೆ: ಬೆಳಿಗ್ಗೆ 8ರಿಂದ 10-30, ಸಂಜೆ 6ರಿಂದ 8-30. ಒಟ್ಟು 5 ತಾಸು. ಸಂಬಳವೂ 5 ತಾಸಿನದೇ. ಕೇಳಲಿಕ್ಕೆ ಅರೆಹೊತ್ತು. ಆದರೆ ನಡುವಿನ ಏಳೂವರೆ ತಾಸು ದುಂಡಸಿಯ ಹೆಣ್ಣುಮಗಳು ಎಲ್ಲಿರಬೇಕು? ಊರಿಗೆ ಬಂದು ಮತ್ತೆ ಹೋಗುವುದಾದರೆ ಬಸ್ಸಿನಲ್ಲಿಯೇ ದಿನ ಮುಗಿಯುತ್ತದೆ. ಶಹರದಲ್ಲಿ ಉಳಿಯುವುದಾದರೆ ಕುಳಿತುಕೊಳ್ಳಲು ಜಾಗವಿಲ್ಲ. ನಸುಕಿನಲ್ಲಿ ಮನೆ ಬಿಟ್ಟವಳು ರಾತ್ರಿ ಊಟದ ಹೊತ್ತು ಮೀರಿದ ಮೇಲೆ ಮನೆ ಸೇರಬೇಕು. ಟಿಕೆಟ್ಟಿಗೆ ಹಣವಿಲ್ಲವೆಂದರೆ ಹೊತ್ತಿಗೂ ಬೆಲೆಯಿಲ್ಲವೆಂದಲ್ಲ. ಮೇಲಾಗಿ, 2020ರಲ್ಲಿ ಸಂಸತ್ತು ಅಂಗೀಕರಿಸಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೆಲಸದ ಸುರಕ್ಷತೆಯ ಸಂಹಿತೆಯ ಪ್ರಕಾರ, ಸಂಜೆ 7ರ ನಂತರ ಅಥವಾ ಬೆಳಿಗ್ಗೆ 6ಕ್ಕೆ ಮುಂಚೆ ಹೆಣ್ಣುಮಗಳನ್ನು ದುಡಿಸಬೇಕಾದರೆ ಅವಳ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಡೂ ಆಗಿರಬೇಕು. ಕಾಗದದಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಕೂಲಿ: “ಕೆಲಸವಿಲ್ಲವೆಂದು ಅಂಗಡಿಯವರು ಹಿಂದಕ್ಕೆ ಕಳಿಸಿದ ದಿನ ಸಂಬಳವಿಲ್ಲ” ಎಂಬ ಅರ್ಥದ ಒಂದು ಸಾಲಿತ್ತು. ಅರೆಹೊತ್ತಿಗೆಂದೇ ಒಪ್ಪಿಕೊಂಡವರಿಗೆ ಆ ಹೊತ್ತಿನ ಕೂಲಿಯೇ ಸರಿ. ಸರ್ಕಾರ ಕನಿಷ್ಠ ವೇತನವನ್ನು ತಾಸಿನ, ದಿನದ ಅಥವಾ ತಿಂಗಳ ಲೆಕ್ಕದಲ್ಲಿ ಗೊತ್ತುಪಡಿಸಬಹುದು, ತಾಸಿನ ದರ ಅದಕ್ಕಿಂತ ಕಡಿಮೆಯಾಗಕೂಡದು. ಆದರೆ ಇಡೀ ದಿನದ ಕೆಲಸಕ್ಕೆಂದು ಬಂದು ದುಡಿಯಲು ನಿಂತವಳನ್ನು ಯಜಮಾನನೇ ಕೆಲಸ ಸಾಲದೆಂದು ಬೇಗ ಕಳಿಸಿದರೆ, ಅವಳಿಗೆ ಪೂರ್ತಿ ದಿನದ ಕೂಲಿ ಸಲ್ಲಬೇಕೆಂಬುದು 1948ರ ಕನಿಷ್ಠ ವೇತನ ಕಾಯ್ದೆಯಲ್ಲಿಯೇ ಇದ್ದ ನಿಯಮ. 2019ರ ವೇತನ ಸಂಹಿತೆ ಅದನ್ನು ಉಳಿಸಿಕೊಂಡಿದೆ. ಅರೆಹೊತ್ತು ಎಂಬ ಮಾತು ಕಾಗದದ ಮೇಲೆ ಮೊದಲೇ ಸ್ಪಷ್ಟವಾಗಿ ಬರೆದಿರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಕೆಲಸವಿರುವಾಗ ಇಡೀ ದಿನ, ಇಲ್ಲದಾಗ ಅರೆಹೊತ್ತು ಎಂಬ ಎರಡು ನಾಲಗೆಯ ಕರಾರು ಸಲ್ಲದು.

ಪಾವತಿ: ಸಂಬಳ ಗುತ್ತಿಗೆದಾರನಿಂದ, “ಅಂಗಡಿಯಿಂದ ಹಣ ಬಂದ ಮೇಲೆ” ಎಂದಿತ್ತು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೊಡತಕ್ಕದ್ದು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನಗಳಲ್ಲಿ ಬಾಕಿ ತೀರಿಸತಕ್ಕದ್ದು. ಗುತ್ತಿಗೆದಾರ ಕೊಡದೆ ಹೋದರೆ ಹೊಣೆ ಅಂಗಡಿಯ ಮಾಲಿಕನ ಮೇಲೆ ಬರುತ್ತದೆ. ನಡುವೆ ಒಬ್ಬ ಬಂದು ನಿಂತ ಮಾತ್ರಕ್ಕೆ ಋಣ ಹರಿಯುವುದಿಲ್ಲ.

ಒಡಕು: “ಒಡೆದ ಅಥವಾ ಕಲೆಯಾದ ವಸ್ತುವಿನ ಪೂರ್ತಿ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳಲಾಗುವುದು.” ಇದನ್ನು ಓದಿ ಹೇಳಿದಾಗ ಅವಳು ಸುಮ್ಮನಾದಳು. ಅಲ್ಲಿ ಒಂದು ಗಾಜಿನ ದೀಪಕ್ಕೆ ಅವಳ ಎರಡು ತಿಂಗಳ ಸಂಬಳದ ಬೆಲೆಯಿರುವುದು ಅಸಂಭವವಲ್ಲ. ಕಾನೂನು ಇಲ್ಲಿ ಕೆಲಸಗಾರರ ಕಡೆಗೆ ಬಲವಾಗಿ ನಿಂತಿದೆ. ವಸ್ತುವನ್ನು ಅವಳ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ್ದಿರಬೇಕು, ಹಾನಿ ಅವಳ ಅಲಕ್ಷ್ಯದಿಂದಲೇ ನೇರವಾಗಿ ಆಗಿರಬೇಕು, ಮುರಿದುಕೊಳ್ಳುವ ಮೊದಲು ಅವಳ ಮಾತನ್ನು ಕೇಳಿರಬೇಕು. ದಂಡ ಹಾಕುವುದಿದ್ದರೆ ಆ ತಿಂಗಳ ಸಂಬಳದಲ್ಲಿ ನೂರಕ್ಕೆ 3ನ್ನು ಮೀರಕೂಡದು. ನೂರಾರು ಗಿರಾಕಿಗಳು ಮುಟ್ಟಿ ನೋಡುವ ದೀಪ ಗುಡಿಸುವವಳೊಬ್ಬಳ ವಶದಲ್ಲಿತ್ತೆಂದು ಹೇಳುವುದು ನ್ಯಾಯವೇ, ನೀವೇ ಹೇಳಿರಿ.

ಕಾಗದದಲ್ಲಿ ಬರೆಯದೆ ಬಿಟ್ಟದ್ದೂ ಒಂದಿತ್ತು. ಅದು ಕಾರ್ಮಿಕ ರಾಜ್ಯ ವಿಮೆ, ಜನರ ಬಾಯಲ್ಲಿ ಇ.ಎಸ್.ಐ. ಅರೆಹೊತ್ತಿನವರಿಗೆ, ಗುತ್ತಿಗೆಯವರಿಗೆ ಅದು ಇಲ್ಲವೆಂಬ ತಪ್ಪು ತಿಳಿವಳಿಕೆ ಬಹಳ ಹರಡಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿಗೆ ವಿಮೆ ಅನ್ವಯಿಸಿದರೆ ಅಲ್ಲಿಯ ಅರೆಹೊತ್ತಿನವಳೂ ಅದರೊಳಗೆ ಬರುತ್ತಾಳೆ. 2019ರ ಜುಲೈಯಿಂದ ಕೆಲಸಗಾರರ ವಂತಿಗೆ ಸಂಬಳದ ನೂರಕ್ಕೆ 0.75, ಯಜಮಾನನದು 3.25. ತಿಂಗಳಿಗೆ 8,000 ರೂಪಾಯಿ ಪಡೆಯುವವಳು ಕೊಡಬೇಕಾದದ್ದು 60 ರೂಪಾಯಿ. ಯಜಮಾನ ಸೇರಿಸಬೇಕಾದದ್ದು 260. ಕಾಯಿಲೆಯ ದಿನಗಳ ಭತ್ತೆ ದೊರೆಯಬೇಕಾದರೆ ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿರಬೇಕು. ಕೆಲಸದಲ್ಲಿ ಜಾರಿಬಿದ್ದು ಗಾಯವಾದರೆ ಹಾಗಿಲ್ಲ. ಮೊದಲ ದಿನವೇ ಬಿದ್ದರೂ ಅವಳಿಗೆ ರಕ್ಷಣೆಯಿದೆ. ಒದ್ದೆ ನೆಲದ ಮೇಲೆ ದುಡಿಯುವವರಿಗೆ ಇದಕ್ಕಿಂತ ಬೇಕಾದ ವಿಮೆ ಬೇರೊಂದಿಲ್ಲ. ಹುಬ್ಬಳ್ಳಿಯಲ್ಲಿ ಇ.ಎಸ್.ಐ. ಆಸ್ಪತ್ರೆಯೂ ಇದೆ. ಆದರೆ ಹೆಸರು ನೋಂದಾಯಿಸಿ ನಂಬರು ಕೊಡದಿದ್ದರೆ ಆಸ್ಪತ್ರೆಯ ಬಾಗಿಲು ಇದ್ದೂ ಇಲ್ಲದಂತೆ.

ಕೊನೆಯ ಷರತ್ತು ತಪಾಸಣೆಯದು. ಕೆಲಸ ಮುಗಿಸಿ ಹೊರಡುವಾಗ ‘ಹೌಸ್‌ಕೀಪಿಂಗ್’ನವರು ಚೀಲ ಬಿಚ್ಚಿ ತೋರಿಸಬೇಕು. ಮಾರಾಟಗಾರರ ಮಾತು ಅಲ್ಲಿ ಇರಲಿಲ್ಲ, ಲೆಕ್ಕ ಬರೆಯುವವರ ಮಾತೂ ಇರಲಿಲ್ಲ. ಅದನ್ನು ಓದುವಾಗ ನನಗೆ ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನ ನೆನಪಾಯಿತು. ಶಿಕಾರಿಪುರದ ಬಳಿಯ ಜಂಬೂರಿನವಳು. ಶಿವಭಕ್ತರ ಮನೆಯಂಗಳ ಗುಡಿಸುವುದು ಅವಳ ಕಾಯಕ. ದಾರಿಯಲ್ಲಿ ಏನು ಬಿದ್ದಿದ್ದರೂ ಅನ್ಯರದಕ್ಕೆ ಕೈಚಾಚೆನೆಂಬ ನೇಮವನ್ನು ತನ್ನ ವಚನದಲ್ಲಿ ಬಲವಾಗಿ ಹೇಳಿಕೊಂಡವಳು. ಕಸ ಗುಡಿಸುವವರ ಕಣ್ಣಿಗೆ ಬಿದ್ದದ್ದೆಲ್ಲ ಬೀಳುತ್ತದೆ, ಕೈಗೂ ಸಿಕ್ಕುತ್ತದೆ. ಗಿರಾಕಿ ಬಿಟ್ಟುಹೋದ ಫೋನು, ಸೋಫಾದ ಸಂದಿಗೆ ಜಾರಿದ ಉಂಗುರ ಮೊದಲು ಕಾಣುವುದು ಅವರಿಗೇ. ನಾವು ಶಾಲೆಯಲ್ಲಿ ಸತ್ಯಕ್ಕನ ವಚನವನ್ನು ಪಾಠ ಹೇಳಿ ಅಂಕ ಕೊಡುತ್ತೇವೆ. ಅವಳ ಕಾಯಕವನ್ನೇ ಮಾಡುವವರನ್ನು ಬಾಗಿಲಲ್ಲಿ ನಿಲ್ಲಿಸಿ ಚೀಲ ನೋಡುತ್ತೇವೆ. ತಪಾಸಣೆ ಬೇಕೇ ಬೇಕಾದರೆ ಮ್ಯಾನೇಜರಿನಿಂದ ಹಿಡಿದು ಎಲ್ಲರದೂ ಆಗಲಿ. ಆಗ ಅದರಲ್ಲಿ ಅವಮಾನವಿರುವುದಿಲ್ಲ.

ವಾಚಕರೇ, ನಿಮ್ಮಲ್ಲಿ ಕೆಲವರು ಅಂಗಡಿಯ ಮಾಲಿಕರಿರಬಹುದು, ಬಹುಮಂದಿ ಗಿರಾಕಿಗಳು. ಮಾಲಿಕರಲ್ಲಿ ನನ್ನ ವಿನಂತಿ ಇಷ್ಟೇ: ನೇಮಕದ ಕಾಗದವನ್ನು ಕನ್ನಡದಲ್ಲಿ ಕೊಡಿರಿ. ಹತ್ತು ಜನರಿರುವಲ್ಲಿ ನೇಮಕಪತ್ರ ಕೊಡುವುದು ಈಗ ಕಾನೂನಿನ ಕಟ್ಟಳೆ. ಓದಲಾಗದ ಪತ್ರ ಕೊಡುವುದರಿಂದ ಆ ಕಟ್ಟಳೆಯ ಉದ್ದೇಶ ಈಡೇರಿದಂತಾಗದು. ಗಿರಾಕಿಗಳು ಮಾಡಬಹುದಾದದ್ದೂ ಉಂಟು. ಒದ್ದೆ ನೆಲಕ್ಕೆ ಇಟ್ಟ ಫಲಕವನ್ನು ದಾಟಿ ನಡೆಯದಿರಿ. ಮಗು ಚೆಲ್ಲಿದ್ದನ್ನು ಮುಚ್ಚಿಡದೆ ತಿಳಿಸಿರಿ. ನಿಮ್ಮ ಕೈಯಿಂದ ಏನಾದರೂ ಒಡೆದರೆ ನೀವೇ ಹೇಳಿಬಿಡಿರಿ. ನೀವು ಹೇಳದೆ ಹೋದ ಗಾಜಿನ ಬೆಲೆ ಮರುದಿನ ಯಾರ ಸಂಬಳಕ್ಕೆ ಹತ್ತುವುದೆಂಬುದನ್ನು ಮೇಲೆ ಓದಿದ್ದೀರಿ.

ಆ ಹೆಣ್ಣುಮಗಳು ಆ ದಿನ ಎದ್ದು ಹೋಗುವ ಮೊದಲು, “ಇಷ್ಟೆಲ್ಲಾ ಕೇಳಿದರ ಕೆಲಸಾನ ಕೊಡಲಿಲ್ಲಂದ್ರ?” ಎಂದಳು. ನನ್ನಲ್ಲಿ ಅದಕ್ಕೆ ಸಿದ್ಧವಾದ ಉತ್ತರವಿರಲಿಲ್ಲ. “ಎಲ್ಲಾ ಒಮ್ಮೆಲೇ ಕೇಳಬೇಡ ತಂಗೀ, ಮೊದಲ ವೇಳೆ, ಆಮ್ಯಾಲ ಒಡಕಿನ ಮಾತು, ಆಮ್ಯಾಲ ವಿಮೆ” ಎಂದೆ. ಪ್ರಶ್ನೆಗಳನ್ನು ಮಗನ ಕೈಯಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋದಳು.

ವೇಳೆಯ ವಿಷಯಕ್ಕೆ ಅಂಗಡಿಯವರು ಸುಲಭವಾಗಿಯೇ ಒಪ್ಪಿದರಂತೆ. ಈಗ ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ ಒಂದೇ ಪಾಳಿ; ಗೋದಾಮಿನ ಧೂಳು ತೆಗೆಯುವ ಕೆಲಸವನ್ನು ಅದರಲ್ಲೇ ಸೇರಿಸಿದರು. ಒಡಕಿನ ಸಾಲಿನ ಮುಂದೆ ಗುತ್ತಿಗೆದಾರ ಗೊಣಗುತ್ತ “ವಿಚಾರಣೆಯ ನಂತರ” ಎಂದು ಪೆನ್ನಿನಿಂದ ಬರೆದುಕೊಟ್ಟ. ವಿಮೆಯ ನಂಬರು ಮೂರು ಸಲ ಕೇಳಿದ ಮೇಲೆ ಎರಡು ತಿಂಗಳಿಗೆ ಬಂತು. ಚೀಲದ ತಪಾಸಣೆ ಮಾತ್ರ ಹಾಗೆಯೇ ಉಳಿದಿದೆ, ಗುಡಿಸುವವರಿಗಷ್ಟೇ.

ಮುಂದಿನ ಸಲ ನೀವು ಅಂಥ ಅಂಗಡಿಯಲ್ಲಿ ಹೊಳೆಯುವ ಮೇಜೊಂದರ ಮೇಲೆ ಕೈಯಾಡಿಸುವಾಗ, ಅದು ಹೊಳೆಯುವಂತೆ ಮಾಡಿದವಳು ಅಷ್ಟೊತ್ತಿಗೆ ದುಂಡಸಿಯ ಬಸ್ಸಿನಲ್ಲಿ ಕುಳಿತಿರುತ್ತಾಳೆ. ಮಾಲಿಕರ ಹತ್ತಿರ ಬೆಲೆ ಕೇಳುವಾಗಲೇ, ಇಲ್ಲಿ ಒರಸುವವರಿಗೆ ಇ.ಎಸ್.ಐ. ಇದೆಯೇ ಎಂದೂ ಒಂದು ಮಾತು ಕೇಳಿರಿ. ಕೊಳ್ಳುವವರು ಕೇಳಿದ ಮಾತಿಗೆ ಅಂಗಡಿಯಲ್ಲಿ ಬೆಲೆಯುಂಟು.